‘ಐ’ ಎಲ್ಲಿ, ‘ಮೀ’ ಎಲ್ಲಿ: ಇಂಗ್ಲಿಷ್ ಸರ್ವನಾಮಗಳ ವಿಭಕ್ತಿಯನ್ನು ಕನ್ನಡದ ಕಣ್ಣಿನಿಂದ ನೋಡಿದಾಗ

‘ನನಗೆ ಹಸಿವಾಗಿದೆ’ ಎಂಬ ಮಾತು ಇಂಗ್ಲಿಷಿಗೆ ಹೋದಾಗ ‘ಐ ಆ್ಯಮ್ ಹಂಗ್ರಿ’ ಆಗುತ್ತದೆ. ‘ನನ್ನನ್ನು ಆಯ್ಕೆ ಮಾಡಲಾಯಿತು’ ಎಂಬುದು ‘ಐ ವಾಸ್ ಸೆಲೆಕ್ಟೆಡ್’ ಆಗುತ್ತದೆ, ‘ನನ್ನ ಹತ್ತಿರ ಪುಸ್ತಕವಿದೆ’ ಎಂಬುದು ‘ಐ ಹ್ಯಾವ್ ಎ ಬುಕ್’ ಆಗುತ್ತದೆ. ಕನ್ನಡದ ಚತುರ್ಥಿ, ದ್ವಿತೀಯಾ, ಷಷ್ಠಿ ಮೂರೂ ಅಲ್ಲಿ ‘ಐ’ ಎಂಬ ಒಂದೇ ರೂಪದಲ್ಲಿ ಕರಗಿಹೋದವು. ಇದಕ್ಕೆ ವಿರುದ್ಧವಾದ ಅಚ್ಚರಿಯೂ ಇದೆ. ‘ಅಲ್ಲಿ ಯಾರು?’ ಎಂದು ಕೇಳಿದರೆ ನಾವು ‘ನಾನು’ ಎನ್ನುತ್ತೇವೆ, ಇಂಗ್ಲಿಷ್ ಮಾತಾಡುವವರು ‘ಮೀ’ ಎನ್ನುತ್ತಾರೆ. ನಮ್ಮ ‘ನಾನೂ’ ಅವರ ‘ಮೀ ಟೂ’. ‘ನಾನು ಬರಬೇಕೆಂದು ಅವರ ಆಸೆ’ ಎಂಬಲ್ಲಿನ ‘ನಾನು’ ಕೂಡ ‘ದೇ ವಾಂಟ್ ಮೀ ಟು ಕಮ್’ ಎಂಬಲ್ಲಿ ‘ಮೀ’ ಆಗಿ ಕುಳಿತಿದೆ. ‘ಐ ಎಂದರೆ ನಾನು, ಮೀ ಎಂದರೆ ನನ್ನನ್ನು ಅಥವಾ ನನಗೆ’ ಎಂದು ನಾವು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಸೂತ್ರ ಈ ಆರು ವಾಕ್ಯಗಳಲ್ಲಿ ಒಂದಕ್ಕೂ ಹೊಂದುವುದಿಲ್ಲ.

ಸೂತ್ರ ಕೈಕೊಡುವುದಕ್ಕೆ ಕಾರಣವಿದೆ. ಕನ್ನಡದ ವಿಭಕ್ತಿ ಬಹುಮಟ್ಟಿಗೆ ಅರ್ಥವನ್ನು ಅನುಸರಿಸುತ್ತದೆ: ಹಸಿವು ಯಾರಿಗೆ ಆಯಿತೋ ಅವರಿಗೆ ‘ಗೆ’ ಹತ್ತುತ್ತದೆ, ಆಯ್ಕೆಯಾದವರಿಗೆ ‘ಅನ್ನು’ ಹತ್ತುತ್ತದೆ, ಆ ಪದ ವಾಕ್ಯದ ಮೊದಲಲ್ಲಿ ಬಂದರೂ ಕೊನೆಯಲ್ಲಿ ಬಂದರೂ ಪ್ರತ್ಯಯ ಬದಲಾಗುವುದಿಲ್ಲ. ಇಂದಿನ ಇಂಗ್ಲಿಷಿನಲ್ಲಿ ಸರ್ವನಾಮದ ರೂಪವನ್ನು ತೀರ್ಮಾನಿಸುವುದು ಅರ್ಥಕ್ಕಿಂತ ಹೆಚ್ಚಾಗಿ ವಾಕ್ಯದ ರಚನೆಯಲ್ಲಿ ಅದಕ್ಕಿರುವ ಸ್ಥಾನ. ಈ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಂಡರೆ, ಇಂಗ್ಲಿಷ್ ಮನೆಮಾತಿನವರೂ ಎಡವುವ ಹಲವು ಕಡೆಗಳಲ್ಲಿ ಕನ್ನಡ ಬಲ್ಲವರು ಎಡವದೆ ದಾಟಬಹುದು. ಕೆಲವು ಕಡೆ ನಮ್ಮ ಭಾಷೆಯೇ ನಮಗೆ ಅವರಿಗಿಲ್ಲದ ಉಪಕರಣವನ್ನು ಕೊಡುತ್ತದೆ.

ಮೊದಲು ಸಮಸ್ಯೆಯ ಗಾತ್ರವನ್ನು ನೋಡೋಣ. ಇಂಗ್ಲಿಷಿನ ನಾಮಪದಗಳಿಗೆ ಕರ್ತೃವಾದಾಗ ಒಂದು ರೂಪ, ಕರ್ಮವಾದಾಗ ಇನ್ನೊಂದು ರೂಪ ಎಂಬುದಿಲ್ಲ. ಸರ್ವನಾಮಗಳಲ್ಲಿಯೂ ಹಾಗೆ ಎರಡು ರೂಪಗಳು ಉಳಿದಿರುವುದು ಆರಕ್ಕೆ ಮಾತ್ರ: ಐ–ಮೀ, ವೀ–ಅಸ್, ಹೀ–ಹಿಮ್, ಶೀ–ಹರ್, ದೇ–ದೆಮ್, ಹೂ–ಹೂಮ್. ‘ಯು’ ಮತ್ತು ‘ಇಟ್’ ಎಲ್ಲಿ ಬಂದರೂ ಒಂದೇ ಆಗಿರುತ್ತವೆ. ಈ ಜೋಡಿಗಳಲ್ಲಿ ಮೊದಲನೆಯದನ್ನು ಕರ್ತೃರೂಪವೆಂದೂ ಎರಡನೆಯದನ್ನು ಕರ್ಮರೂಪವೆಂದೂ ಕರೆಯೋಣ. ಕರ್ಮರೂಪ ಎಂಬ ಹೆಸರು ಅಷ್ಟು ಸರಿಯಲ್ಲ, ಏಕೆಂದು ಮುಂದೆ ಗೊತ್ತಾಗುತ್ತದೆ. ಇವಲ್ಲದೆ ಮೈ, ಹಿಸ್, ದೇರ್ ಮುಂತಾದ ಸಂಬಂಧರೂಪಗಳಿವೆ. ಅವು ನಮ್ಮ ಷಷ್ಠಿಗೆ ಸಾಕಷ್ಟು ಹತ್ತಿರವಾಗಿರುವುದರಿಂದ ಅವುಗಳ ತೊಡಕು ಕಡಿಮೆ.

ಈ ಆರು ಜೋಡಿಗಳು ಒಂದು ದೊಡ್ಡ ಕಟ್ಟಡ ಕುಸಿದ ಮೇಲೆ ಉಳಿದ ಕಂಬಗಳು. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ನಾಮಪದ, ವಿಶೇಷಣ, ಸರ್ವನಾಮ ಎಲ್ಲಕ್ಕೂ ವಿಭಕ್ತಿ ಪ್ರತ್ಯಯಗಳಿದ್ದವು. ಪ್ರಥಮಾ, ದ್ವಿತೀಯಾ, ಚತುರ್ಥಿ, ಷಷ್ಠಿಗಳಿಗೆ ಸಮನಾದ ನಾಲ್ಕು ಮುಖ್ಯ ವಿಭಕ್ತಿಗಳು ಅಲ್ಲಿದ್ದವು. ಪದದ ಕೊನೆಯ ಸ್ವರಗಳ ಉಚ್ಚಾರ ದುರ್ಬಲವಾಗುತ್ತ ಬಂದಂತೆ ಪ್ರತ್ಯಯಗಳು ಒಂದರಲ್ಲೊಂದು ಬೆರೆತು ಅಳಿದವು. ಉತ್ತರದಿಂದ ಬಂದು ನೆಲೆಸಿದ ನಾರ್ಸ್ ಭಾಷಿಕರ ಒಡನಾಟ ಮತ್ತು 1066ರ ನಾರ್ಮನ್ ಆಕ್ರಮಣದ ನಂತರದ ಕಾಲ ಈ ಸವಕಳಿಯನ್ನು ಕಂಡ ಕಾಲ. ಪ್ರತ್ಯಯ ಮಾಡುತ್ತಿದ್ದ ಕೆಲಸವನ್ನು ಪದಕ್ರಮವೂ ‘ಟು’, ‘ಫ್ರಮ್’, ‘ವಿತ್’ ಮುಂತಾದ ಪ್ರಿಪೊಸಿಷನ್‌ಗಳೂ ವಹಿಸಿಕೊಂಡವು. ಸರ್ವನಾಮಗಳಲ್ಲಿಯೂ ದ್ವಿತೀಯಾ ಮತ್ತು ಚತುರ್ಥಿ ಒಂದಾದವು. ಆಗ ಗೆದ್ದದ್ದು ಹೆಚ್ಚಿನ ಕಡೆ ಚತುರ್ಥಿಯ ರೂಪ. ಹಿಮ್ ಮತ್ತು ಹೂಮ್ ಎಂಬ ಪದಗಳ ಕೊನೆಯ ‘ಮ್’ ಆ ಹಳೆಯ ಚತುರ್ಥಿಯ ಗುರುತು. ನಾರ್ಸ್ ಭಾಷೆಯಿಂದ ಬಂದ ದೆಮ್ ಎಂಬುದೂ ಅಲ್ಲಿಯ ಚತುರ್ಥಿ ರೂಪದಿಂದಲೇ ಬಂದದ್ದು. ಮಧ್ಯಮ ಪುರುಷದಲ್ಲಿ ಒಂದು ಕಾಲಕ್ಕೆ ‘ಯೀ’ ಕರ್ತೃರೂಪವಾಗಿಯೂ ‘ಯು’ ಕರ್ಮರೂಪವಾಗಿಯೂ ಇದ್ದವು. 1611ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲಿನ ‘ಯೀ ಶಲ್ ನೋ ದ ಟ್ರುಥ್, ಅಂಡ್ ದ ಟ್ರುಥ್ ಶಲ್ ಮೇಕ್ ಯು ಫ್ರೀ’ ಎಂಬ ವಾಕ್ಯದಲ್ಲಿ ಎರಡೂ ತಮ್ಮ ತಮ್ಮ ಜಾಗದಲ್ಲಿ ನಿಂತಿರುವುದನ್ನು ಕಾಣಬಹುದು. ಆಮೇಲೆ ‘ಯೀ’ ಬಳಕೆಯಿಂದ ಹೋಯಿತು, ಕರ್ಮರೂಪವಾದ ‘ಯು’ ಎರಡೂ ಜಾಗಗಳನ್ನು ಆಕ್ರಮಿಸಿಕೊಂಡಿತು. ಇಂಗ್ಲಿಷಿನಲ್ಲಿ ಯಾವ ರೂಪ ಹಿಂದೆ ಸರಿಯುತ್ತದೆ, ಯಾವುದು ಮುಂದೆ ಬರುತ್ತದೆ ಎಂಬುದಕ್ಕೆ ಈ ಘಟನೆ ಒಳ್ಳೆಯ ಸುಳಿವು.

ಈಗ ನಿಯಮಕ್ಕೆ ಬರೋಣ. ವಾಕ್ಯದಲ್ಲಿ ಕಾಲವನ್ನು ಸೂಚಿಸುವ ಪೂರ್ಣ ಕ್ರಿಯಾಪದವೊಂದನ್ನು ಹುಡುಕಬೇಕು. ಆ ಕ್ರಿಯಾಪದಕ್ಕೆ ಕರ್ತೃವಾಗಿ ನಿಂತ ಸರ್ವನಾಮ ಕರ್ತೃರೂಪದಲ್ಲಿರುತ್ತದೆ. ಉಳಿದ ಎಲ್ಲ ಜಾಗಗಳಲ್ಲಿ, ಸಂಬಂಧವನ್ನು ಹೇಳುವ ಜಾಗವೊಂದನ್ನು ಬಿಟ್ಟು, ಕರ್ಮರೂಪ ಬರುತ್ತದೆ. ನಿಯಮದ ಎರಡನೆಯ ಭಾಗವನ್ನು ಹೆಚ್ಚಿನ ಪಠ್ಯಪುಸ್ತಕಗಳು ಈ ರೀತಿ ಹೇಳುವುದಿಲ್ಲ. ಅವು ಕ್ರಿಯಾಪದದ ಕರ್ಮ, ಪ್ರಿಪೊಸಿಷನ್‌ನ ಕರ್ಮ ಎಂದು ಜಾಗಗಳನ್ನು ಎಣಿಸುತ್ತವೆ. ಎಣಿಕೆ ತಪ್ಪಲ್ಲ, ಆದರೆ ಪಟ್ಟಿಯಲ್ಲಿ ಸೇರದ ಜಾಗಗಳು ಉಳಿದುಬಿಡುತ್ತವೆ. ‘ಮೀ ಟೂ’ ಎಂಬ ಎರಡೇ ಪದಗಳ ಮಾತಿನಲ್ಲಿ ಕ್ರಿಯಾಪದವೂ ಇಲ್ಲ, ಪ್ರಿಪೊಸಿಷನ್ ಕೂಡ ಇಲ್ಲ. ಆದರೂ ಅಲ್ಲಿ ‘ಮೀ’ ಇದೆ. ಕನ್ನಡದಲ್ಲಿ ಒಂಟಿಯಾಗಿ ನಿಂತ ಪದ ತಾನಾಗಿ ಪ್ರಥಮಾ ವಿಭಕ್ತಿಗೆ ಹೋಗುತ್ತದೆ, ಅದು ನಮ್ಮಲ್ಲಿ ಪದದ ಸಹಜ ಸ್ಥಿತಿ. ಇಂಗ್ಲಿಷಿನಲ್ಲಿ ಒಂಟಿ ಸರ್ವನಾಮದ ಸಹಜ ಸ್ಥಿತಿ ಕರ್ಮರೂಪ. ‘ಐ’ ಎಂಬುದು ತನ್ನದೇ ಕ್ರಿಯಾಪದ ಜೊತೆಗಿದ್ದಾಗ ಮಾತ್ರ ತೊಡುವ ವಿಶೇಷ ಉಡುಪು.

ಈ ನಿಯಮದಿಂದ ಮೊದಲಿನ ಆರು ವಾಕ್ಯಗಳೂ ಬಿಡಿಸಿಕೊಳ್ಳುತ್ತವೆ. ‘ಐ ವಾಸ್ ಸೆಲೆಕ್ಟೆಡ್’ ಎಂಬಲ್ಲಿ ಆಯ್ಕೆ ಮಾಡಿದವರು ಬೇರೆಯವರು, ‘ನಾನು’ ಆಯ್ಕೆಗೆ ಒಳಗಾದವನು. ಅರ್ಥವನ್ನು ನೋಡಿದರೆ ಕರ್ಮ. ಕನ್ನಡದ ಕರ್ಮಣಿ ಪ್ರಯೋಗ ಆ ಅರ್ಥವನ್ನು ಬಿಡದೆ ‘ನನ್ನನ್ನು’ ಎಂದೇ ಉಳಿಸಿಕೊಂಡಿತು. ಇಂಗ್ಲಿಷ್ ಅರ್ಥವನ್ನು ಕೇಳಲಿಲ್ಲ; ‘ವಾಸ್’ ಎಂಬ ಪೂರ್ಣ ಕ್ರಿಯಾಪದದ ಹಿಂದಿನ ಕರ್ತೃಸ್ಥಾನ ಖಾಲಿಯಾಗಿತ್ತು, ಅಲ್ಲಿ ಬಂದು ಕುಳಿತದ್ದು ‘ಐ’ ಆಯಿತು. ಹಾಗೆಯೇ ‘ದೇ ವಾಂಟ್ ಮೀ ಟು ಕಮ್’ ಎಂಬಲ್ಲಿ ಬರುವವನು ನಾನೇ ಆಗಿದ್ದರೂ ‘ಟು ಕಮ್’ ಎಂಬುದಕ್ಕೆ ಕಾಲವಿಲ್ಲ, ಅದು ಪೂರ್ಣ ಕ್ರಿಯಾಪದವಲ್ಲ, ಆದ್ದರಿಂದ ಅದು ‘ಐ’ ರೂಪವನ್ನು ಕೊಡಲಾರದು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಬರೆಯುವವರು ಇಲ್ಲಿ ‘ದೇ ವಾಂಟ್ ದ್ಯಾಟ್ ಐ ಶುಡ್ ಕಮ್’ ಎಂದು ಬರೆಯುವುದುಂಟು. ‘ನಾನು’ ಎಂಬುದು ಕಿವಿಯಲ್ಲಿ ಮೊಳಗುತ್ತಿರುವಾಗ ‘ಮೀ’ ಎಂದು ಬರೆಯಲು ಕೈ ಹಿಂಜರಿಯುವುದರಿಂದ ಹುಟ್ಟಿದ ವಾಕ್ಯ ಅದು. ‘ಲೆಟ್’, ‘ಮೇಕ್’, ‘ಸೀ’, ‘ಹಿಯರ್’ ಮುಂತಾದವುಗಳ ಮುಂದೆಯೂ ಇದೇ ಕಥೆ: ‘ಐ ಸಾ ಹಿಮ್ ಫಾಲ್’ ಎಂಬಲ್ಲಿ ಬಿದ್ದವನು ಅವನೇ ಆದರೂ ರೂಪ ‘ಹಿಮ್’.

ಇಷ್ಟರಲ್ಲಿ ಯಾರಿಗೂ ಹೆಚ್ಚಿನ ಗೊಂದಲವಿಲ್ಲ. ಗೊಂದಲ ಶುರುವಾಗುವುದು ‘ಅಂಡ್’ ಬಂದಾಗ. ‘ಹಿ ಕಾಲ್ಡ್ ಐ’ ಎಂದು ಯಾರೂ ಹೇಳುವುದಿಲ್ಲ, ಆದರೆ ‘ಹಿ ಕಾಲ್ಡ್ ಮೈ ಫ್ರೆಂಡ್ ಅಂಡ್ ಐ’ ಎಂದು ಓದಿದವರೂ ಹೇಳುತ್ತಾರೆ. ‘ಬಿಟ್ವೀನ್ ಯು ಅಂಡ್ ಐ’ ಎಂಬುದಂತೂ ಈ ತಪ್ಪಿನ ಹೆಸರೇ ಆಗಿಬಿಟ್ಟಿದೆ. ‘ಅಂಡ್’ ಎಂಬ ಪದಕ್ಕೆ ವಿಭಕ್ತಿಯನ್ನು ಬದಲಿಸುವ ಯಾವ ಶಕ್ತಿಯೂ ಇಲ್ಲ. ಜೋಡಿಯಲ್ಲಿ ಬಂದ ಸರ್ವನಾಮ ಒಂಟಿಯಾಗಿ ಬಂದಿದ್ದರೆ ಯಾವ ರೂಪದಲ್ಲಿರುತ್ತಿತ್ತೋ ಅದೇ ರೂಪದಲ್ಲಿರಬೇಕು. ಆದ್ದರಿಂದ ಜೊತೆಗಾರನನ್ನು ತೆಗೆದು ವಾಕ್ಯವನ್ನು ಓದಿ ನೋಡುವುದು ಎಲ್ಲಕ್ಕಿಂತ ಸರಳ ಪರೀಕ್ಷೆ: ‘ಹಿ ಕಾಲ್ಡ್ ಮೀ’ ಸರಿ, ಹಾಗಾಗಿ ‘ಹಿ ಕಾಲ್ಡ್ ಮೈ ಫ್ರೆಂಡ್ ಅಂಡ್ ಮೀ’ ಸರಿ. ‘ಮೀ ಅಂಡ್ ಮೈ ಫ್ರೆಂಡ್ ವೆಂಟ್’ ಎಂಬುದರಲ್ಲಿ ಜೊತೆಗಾರನನ್ನು ತೆಗೆದರೆ ‘ಮೀ ವೆಂಟ್’ ಉಳಿಯುತ್ತದೆ, ಅದು ನಿಲ್ಲುವುದಿಲ್ಲ; ಬರವಣಿಗೆಯಲ್ಲಿ ‘ಮೈ ಫ್ರೆಂಡ್ ಅಂಡ್ ಐ ವೆಂಟ್’ ಎಂದೇ ಇರಬೇಕು. ‘ಬಿಟ್ವೀನ್’ ಎಂಬುದು ಇಬ್ಬರನ್ನು ಬೇಡುವ ಪದವಾದ್ದರಿಂದ ಅಲ್ಲಿ ಜೊತೆಗಾರನನ್ನು ತೆಗೆದರೆ ವಾಕ್ಯ ಮುರಿಯುತ್ತದೆ. ಆಗ ಇಬ್ಬರನ್ನೂ ಸೇರಿಸಿ ಒಂದೇ ಸರ್ವನಾಮ ಹಾಕಿ ನೋಡಬೇಕು. ‘ಬಿಟ್ವೀನ್ ಅಸ್’ ಎನ್ನುತ್ತೇವೆ, ‘ಬಿಟ್ವೀನ್ ವೀ’ ಎನ್ನುವುದಿಲ್ಲ. ಅಲ್ಲಿಗೆ ‘ಬಿಟ್ವೀನ್ ಯು ಅಂಡ್ ಮೀ’ ಎಂದು ತೀರ್ಮಾನವಾಯಿತು.

ಈ ತಪ್ಪಿನಲ್ಲಿ ಒಂದು ವಿಶೇಷವಿದೆ: ಇದು ಹೆಚ್ಚಾಗಿ ಎಚ್ಚರಿಕೆಯಿಂದ ಹುಟ್ಟುವ ತಪ್ಪು. ಇಂಗ್ಲಿಷ್ ಮನೆಮಾತಿನ ಮಕ್ಕಳು ಸಹಜವಾಗಿ ‘ಮೀ ಅಂಡ್ ಹಿಮ್ ವೆಂಟ್’ ಎನ್ನುತ್ತಾರೆ, ದೊಡ್ಡವರು ತಿದ್ದುತ್ತಾರೆ. ತಿದ್ದುವವರು ಕಾರಣ ಹೇಳದಿದ್ದರೆ ಮಗು ಕಲಿಯುವ ಪಾಠ ‘ಅಂಡ್ ಮುಂದೆ ಐ ಹಾಕಿದರೆ ಮರ್ಯಾದೆ’ ಎಂಬುದು. ನಮ್ಮಲ್ಲಿ ಅದು ಬೇರೆ ದಾರಿಯಿಂದ ಬರುತ್ತದೆ. ತನ್ನನ್ನು ಕೊನೆಗೆ ಹೇಳಿಕೊಳ್ಳಬೇಕೆಂಬ ಇಂಗ್ಲಿಷ್ ಸೌಜನ್ಯದ ಪಾಠದಲ್ಲಿ ‘ಯು ಅಂಡ್ ಐ’, ‘ಹಿ ಅಂಡ್ ಐ’ ಎಂಬ ಉದಾಹರಣೆಗಳನ್ನೇ ಕೇಳಿ ಕೇಳಿ ಅವು ಒಡೆಯಲಾಗದ ಒಂದೇ ತುಂಡಿನಂತೆ ಮನಸ್ಸಿನಲ್ಲಿ ಕೂರುತ್ತವೆ. ಸೌಜನ್ಯ ಕ್ರಮಕ್ಕೆ ಸಂಬಂಧಿಸಿದ್ದು, ವಿಭಕ್ತಿಗೆ ಸಂಬಂಧಿಸಿದ್ದಲ್ಲ. ತಪ್ಪು ಹೊಸದೂ ಅಲ್ಲ: ಷೇಕ್ಸ್‌ಪಿಯರ್‌ನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ಆಂಟೋನಿಯೊ ತನ್ನ ಗೆಳೆಯನಿಗೆ ಬರೆದ ಪತ್ರದಲ್ಲಿಯೇ ‘ಬಿಟ್ವೀನ್ ಯು ಅಂಡ್ ಐ’ ಇದೆ. ಅದನ್ನು ತೋರಿಸಿ ಇಂದು ಯಾರಾದರೂ ತಮ್ಮ ಬರಹವನ್ನು ಸಮರ್ಥಿಸಿಕೊಳ್ಳಲು ಹೊರಟರೆ ನಾನು ಒಪ್ಪಲಾರೆ. ಆ ಕಾಲದ ಬಳಕೆ ಈಗಿನಷ್ಟು ಗಟ್ಟಿಯಾಗಿ ನೆಲೆ ನಿಂತಿರಲಿಲ್ಲ, ಇಂದಿನ ಓದುಗರಿಗೆ ಅದು ತಪ್ಪಾಗಿಯೇ ಕಾಣುತ್ತದೆ.

ಐ ಮತ್ತು ಮೀ ಎರಡರ ನಡುವೆ ನಿರ್ಧರಿಸಲಾಗದೆ ಕೆಲವರು ‘ಮೈಸೆಲ್ಫ್’ ಎಂಬುದರ ಮರೆಗೆ ಹೋಗುತ್ತಾರೆ: ‘ಪ್ಲೀಸ್ ಕಾಂಟ್ಯಾಕ್ಟ್ ದ ಮ್ಯಾನೇಜರ್ ಆರ್ ಮೈಸೆಲ್ಫ್’. ಈ ಪದಕ್ಕೆ ಎರಡೇ ಕೆಲಸ, ಒಂದು ‘ನನ್ನನ್ನು ನಾನೇ’ ಎಂಬ ಅರ್ಥ, ಇನ್ನೊಂದು ‘ಸ್ವತಃ ನಾನೇ’ ಎಂಬ ಒತ್ತು. ಇಲ್ಲಿ ಎರಡೂ ಇಲ್ಲ, ಬೇಕಾದದ್ದು ‘ಮೀ’. ತನ್ನ ಪರಿಚಯ ಹೇಳುವಾಗ ಹೆಸರಿನ ಮುಂದೆ ‘ಮೈಸೆಲ್ಫ್’ ಸೇರಿಸುವುದು ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ‘ಐ ಆ್ಯಮ್’ ಎಂದರೆ ಸಾಕಾಗುತ್ತದೆ.

ಸರ್ವನಾಮದ ಪಕ್ಕದಲ್ಲಿ ಅದೇ ವ್ಯಕ್ತಿಗಳನ್ನು ಸೂಚಿಸುವ ನಾಮಪದ ಬಂದಾಗಲೂ ತೆಗೆದು ನೋಡುವ ಪರೀಕ್ಷೆಯೇ ಸಾಕು. ‘ವೀ ಸ್ಟೂಡೆಂಟ್ಸ್ ವಾಂಟ್ ಟೈಮ್’, ‘ದೇ ಗೇವ್ ಅಸ್ ಸ್ಟೂಡೆಂಟ್ಸ್ ಟೈಮ್’. ನಡುವಿನ ‘ಸ್ಟೂಡೆಂಟ್ಸ್’ ತೆಗೆದರೆ ಉತ್ತರ ತಾನಾಗಿ ಕಾಣುತ್ತದೆ.

ಇನ್ನು ವ್ಯಾಕರಣಕಾರರು ಇನ್ನೂರೈವತ್ತು ವರ್ಷಗಳಿಂದ ಕಾದಾಡಿದ ಜಾಗ: ‘ಇಟ್ ಈಸ್ ಐ’ ಸರಿಯೋ ‘ಇಟ್ ಈಸ್ ಮೀ’ ಸರಿಯೋ. ನಾನು ಮೇಲೆ ಹೇಳಿದ ನಿಯಮದ ಪ್ರಕಾರ ‘ಈಸ್’ ಎಂಬುದಕ್ಕೆ ‘ಇಟ್’ ಕರ್ತೃ, ಮುಂದಿನ ಜಾಗ ಕರ್ತೃಸ್ಥಾನವಲ್ಲ, ಆದ್ದರಿಂದ ‘ಮೀ’. ಬಹುತೇಕ ಎಲ್ಲರ ಆಡುಮಾತೂ ಹಾಗೆಯೇ ಇದೆ. ಆದರೆ ರಾಬರ್ಟ್ ಲೌತ್ ಎಂಬ ಪಾದ್ರಿ 1762ರಲ್ಲಿ ಪ್ರಕಟಿಸಿದ ಇಂಗ್ಲಿಷ್ ವ್ಯಾಕರಣ, ‘ಬೀ’ ಕ್ರಿಯಾಪದದ ಹಿಂದೆಯೂ ಮುಂದೆಯೂ ಕರ್ತೃರೂಪವೇ ಇರಬೇಕೆಂದು ವಿಧಿಸಿತು. ಲ್ಯಾಟಿನ್ ಭಾಷೆಯಲ್ಲಿ ಹಾಗಿದೆ. ಕನ್ನಡದಲ್ಲಿಯೂ ‘ಅವನು ನಾನೇ’ ಎನ್ನುವಾಗ ಎರಡೂ ಪ್ರಥಮಾ ವಿಭಕ್ತಿಯಲ್ಲಿವೆ, ಆದ್ದರಿಂದ ಈ ವಾದ ನಮ್ಮ ಕಿವಿಗೆ ಬಹಳ ನ್ಯಾಯವಾಗಿ ಕೇಳುತ್ತದೆ. ಅದೇ ಕಾಲದಲ್ಲಿ ಇನ್ನೊಂದು ವ್ಯಾಕರಣ ಬರೆದ ಜೋಸೆಫ್ ಪ್ರೀಸ್ಟ್ಲಿ, ಆಮ್ಲಜನಕವನ್ನು ಕಂಡುಹಿಡಿದವರಲ್ಲಿ ಒಬ್ಬನೆಂದು ನಾವು ವಿಜ್ಞಾನದ ಪಾಠದಲ್ಲಿ ಓದುವ ಅದೇ ಪ್ರೀಸ್ಟ್ಲಿ, ಜನರ ಬಳಕೆಯನ್ನು ಮುಂದಿಟ್ಟು ‘ಇಟ್ ಈಸ್ ಮೀ’ ಪರವಾಗಿ ಮಾತಾಡಿದ. ಶಾಲೆಗಳು ಲೌತ್ ಮಾತನ್ನು ಹಿಡಿದವು, ಜನರ ನಾಲಿಗೆ ಪ್ರೀಸ್ಟ್ಲಿಯ ಜೊತೆ ಉಳಿಯಿತು. ಇಂದು ಬಾಗಿಲ ಹೊರಗೆ ನಿಂತು ‘ಇಟ್ ಈಸ್ ಐ’ ಎಂದರೆ ನಾಟಕದ ಮಾತಿನಂತೆ ಕೇಳುತ್ತದೆ. ಔಪಚಾರಿಕ ಬರಹದಲ್ಲಿ ಮಾತ್ರ ಕರ್ತೃರೂಪಕ್ಕೆ ಇನ್ನೂ ಗೌರವವಿರುವ ಒಂದು ರಚನೆ ಇದೆ: ‘ಇಟ್ ವಾಸ್ ಶೀ ಹೂ ಸೈನ್ಡ್ ದ ಲೆಟರ್’. ಅಲ್ಲಿಯೂ ಇಕ್ಕಟ್ಟು ಎನಿಸಿದರೆ ‘ಶೀ ಸೈನ್ಡ್ ದ ಲೆಟರ್’ ಎಂದು ನೇರವಾಗಿ ಬರೆದು ಜಗಳವನ್ನೇ ತಪ್ಪಿಸಬಹುದು, ವಾಕ್ಯವೂ ಚಿಕ್ಕದಾಗುತ್ತದೆ.

‘ದ್ಯಾನ್’ ಎಂಬ ಪದದ ಮುಂದಿನ ಜಗಳವೂ ಇಂಥದೇ, ಆದರೆ ಅದರಲ್ಲಿ ಅರ್ಥದ ಪ್ರಶ್ನೆಯೂ ಇರುವುದರಿಂದ ಹೆಚ್ಚು ಗಮನ ಬೇಡುತ್ತದೆ. ‘ಹಿ ಈಸ್ ಟಾಲರ್ ದ್ಯಾನ್ ಐ’ ಎನ್ನುವವರ ವಾದ, ‘ದ್ಯಾನ್’ ಎರಡು ವಾಕ್ಯಗಳನ್ನು ಜೋಡಿಸುವ ಪದ, ಕೊನೆಯಲ್ಲಿ ‘ಆ್ಯಮ್’ ಎಂಬುದು ಅಡಗಿದೆ ಎಂಬುದು. ‘ದ್ಯಾನ್ ಮೀ’ ಎನ್ನುವವರ ವಾದ, ಅದು ಇಲ್ಲಿ ಪ್ರಿಪೊಸಿಷನ್‌ನಂತೆ ಕೆಲಸ ಮಾಡುತ್ತಿದೆ ಎಂಬುದು. ಎತ್ತರದ ಮಾತಿನಲ್ಲಿ ಯಾವುದನ್ನು ಬಳಸಿದರೂ ಅರ್ಥ ಒಂದೇ. ಮಾತಿನಲ್ಲಿ ‘ಮೀ’ ಸಹಜ, ಔಪಚಾರಿಕ ಬರಹದಲ್ಲಿ ‘ದ್ಯಾನ್ ಐ ಆ್ಯಮ್’ ಎಂದು ಕ್ರಿಯಾಪದವನ್ನೂ ಸೇರಿಸಿ ಬರೆದರೆ ಯಾರ ಆಕ್ಷೇಪಣೆಯೂ ಉಳಿಯದು. ಆದರೆ ‘ಶೀ ಲೈಕ್ಸ್ ಹಿಮ್ ಮೋರ್ ದ್ಯಾನ್ ಐ’ ಮತ್ತು ‘ಶೀ ಲೈಕ್ಸ್ ಹಿಮ್ ಮೋರ್ ದ್ಯಾನ್ ಮೀ’ ಎಂಬಲ್ಲಿ ವಿಷಯ ಬೇರೆಯಾಗಬಹುದು. ಮೊದಲನೆಯದರಲ್ಲಿ ನಾನೂ ಅವನನ್ನು ಇಷ್ಟಪಡುತ್ತೇನೆ, ಅವಳಷ್ಟಲ್ಲ. ಎರಡನೆಯದರಲ್ಲಿ ಅವಳಿಗೆ ನನ್ನ ಮೇಲಿರುವ ಇಷ್ಟ ಅವನ ಮೇಲಿರುವುದಕ್ಕಿಂತ ಕಡಿಮೆ, ಅಥವಾ ಕೇಳುಗ ‘ಮೀ’ಯನ್ನು ಆಡುಮಾತಿನ ‘ಐ’ ಎಂದುಕೊಂಡರೆ ಮೊದಲನೆಯ ಅರ್ಥವೇ ಬರಬಹುದು. ಕನ್ನಡದ ‘ನನಗಿಂತ’ ಎಂಬುದರಲ್ಲಿಯೂ ಇದೇ ಸಂದಿಗ್ಧವಿದೆ: ‘ಅವಳು ನನಗಿಂತ ಹೆಚ್ಚು ಅವನನ್ನು ಇಷ್ಟಪಡುತ್ತಾಳೆ’ ಎಂದರೆ ಎರಡು ಅರ್ಥಗಳೂ ಆಗುತ್ತವೆ, ನಾವು ‘ನಾನು ಇಷ್ಟಪಡುವುದಕ್ಕಿಂತ’ ಎಂದೋ ‘ನನ್ನನ್ನು ಇಷ್ಟಪಡುವುದಕ್ಕಿಂತ’ ಎಂದೋ ಬಿಡಿಸಿ ಹೇಳುತ್ತೇವೆ. ಇಂಗ್ಲಿಷಿನಲ್ಲಿಯೂ ಬಿಡಿಸಿ ಬರೆಯುವುದೇ ಲೇಸು: ‘ದ್ಯಾನ್ ಐ ಡೂ’ ಅಥವಾ ‘ದ್ಯಾನ್ ಶೀ ಲೈಕ್ಸ್ ಮೀ’. ಒಂದಕ್ಷರದ ಸರ್ವನಾಮದ ಮೇಲೆ ಇಷ್ಟು ದೊಡ್ಡ ಅರ್ಥದ ಭಾರವನ್ನು ಹೇರಬಾರದು.

ಸಂಬಂಧರೂಪಗಳ ಬಗ್ಗೆ ಎರಡು ವಿಷಯ ಹೇಳಿ ಮುಂದೆ ಹೋಗುತ್ತೇನೆ. ನಾಮಪದಕ್ಕೆ ಸಂಬಂಧ ಸೂಚಿಸಲು ಅಪಾಸ್ಟ್ರಫಿ ಎಂಬ ಮೇಲ್ಗೆರೆ ಬೇಕು, ಈ ಸರ್ವನಾಮಗಳಿಗೆ ಬೇಡ. ‘ಅದರ’ ಎಂಬ ಅರ್ಥದ ‘ಇಟ್ಸ್’ ಮೇಲ್ಗೆರೆಯಿಲ್ಲದೆ ನಿಲ್ಲುತ್ತದೆ. ಮೇಲ್ಗೆರೆಯಿರುವ ‘ಇಟ್ಸ್’ ಎಂಬುದು ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂಬುದರ ಸಂಕ್ಷೇಪ. ‘ಯಾರ’ ಎಂಬ ಅರ್ಥದ ‘ಹೂಸ್’ ಪದಕ್ಕೂ ಇದೇ ಮಾತು. ಇಂಗ್ಲಿಷ್ ಮನೆಮಾತಿನವರೇ ಇದರಲ್ಲಿ ತಪ್ಪುವುದಕ್ಕೆ ಕಾರಣ ಎರಡರ ಉಚ್ಚಾರ ಒಂದೇ ಆಗಿರುವುದು. ಅದರ ಜೊತೆಗೆ ‘ಅದರ’ ಎಂಬರ್ಥದ ಈ ಪದ ಇಂಗ್ಲಿಷಿಗೆ ತೀರ ಹೊಸದು: ಹಿಂದೆ ನಪುಂಸಕ ಲಿಂಗಕ್ಕೂ ‘ಹಿಸ್’ ಎಂದೇ ಇತ್ತು, ‘ಇಟ್ಸ್’ ಬಳಕೆಗೆ ಬಂದು ನಾಲ್ಕು ಶತಮಾನಗಳ ಮೇಲೆ ಸ್ವಲ್ಪವೇ ಕಾಲವಾಗಿದೆ, ಆರಂಭದಲ್ಲಿ ಅದನ್ನು ಮೇಲ್ಗೆರೆ ಹಾಕಿಯೇ ಬರೆಯುತ್ತಿದ್ದವರೂ ಇದ್ದರು.

ಎರಡನೆಯದು ‘ಇಂಗ್’ ಪ್ರತ್ಯಯದ ಭಾವನಾಮ. ‘ಅವನು ತಡವಾಗಿ ಬಂದದ್ದು ನನಗೆ ಹಿಡಿಸಲಿಲ್ಲ’ ಎಂಬಲ್ಲಿ ಕನ್ನಡ ‘ಅವನು’ ಎಂದು ಪ್ರಥಮಾ ವಿಭಕ್ತಿಯನ್ನು ಇಡುತ್ತದೆ. ಇಂಗ್ಲಿಷಿನ ಔಪಚಾರಿಕ ಬರಹ ‘ಹಿಸ್ ಕಮಿಂಗ್ ಲೇಟ್’ ಎಂದು ಸಂಬಂಧರೂಪವನ್ನು ಬಯಸುತ್ತದೆ, ಏಕೆಂದರೆ ಹಿಡಿಸದೆ ಹೋದದ್ದು ಆ ಬರುವಿಕೆ, ಅದು ಅವನ ಬರುವಿಕೆ. ಆಡುಮಾತು ‘ಹಿಮ್ ಕಮಿಂಗ್ ಲೇಟ್’ ಎನ್ನುತ್ತದೆ. ನಿಘಂಟುಕಾರ ಎಚ್. ಡಬ್ಲ್ಯು. ಫೌಲರ್ ಇಂಗ್ಲಿಷ್ ಪದಬಳಕೆಯನ್ನು ಕುರಿತ ತಮ್ಮ 1926ರ ನಿಘಂಟಿನಲ್ಲಿ ಈ ಎರಡನೆಯ ರೂಪವನ್ನು ಕಟುವಾಗಿ ಖಂಡಿಸಿದರು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ ಆ ಖಂಡನೆಯನ್ನು ಒಪ್ಪಲಿಲ್ಲ. ನನ್ನ ಸಲಹೆ, ಅರ್ಜಿ, ಪ್ರಬಂಧ, ಕಚೇರಿಯ ಪತ್ರಗಳಲ್ಲಿ ‘ಹಿಸ್’ ಬರೆಯುವುದು, ಇತರರ ‘ಹಿಮ್’ ಅನ್ನು ಕೆಂಪು ಶಾಯಿಯಿಂದ ಹೊಡೆಯದಿರುವುದು. ‘ಐ ಸಾ ಹಿಮ್ ಕಮಿಂಗ್’ ಎಂಬುದು ಈ ಗುಂಪಿಗೆ ಸೇರುವುದಿಲ್ಲ. ಅಲ್ಲಿ ಕಂಡದ್ದು ಅವನನ್ನೇ, ಆದ್ದರಿಂದ ‘ಹಿಮ್’ ಅಲ್ಲದೆ ಬೇರೆ ರೂಪಕ್ಕೆ ಅವಕಾಶವಿಲ್ಲ.

ಕೊನೆಯ ಜೋಡಿ ಹೂ–ಹೂಮ್. ಎಲ್ಲಕ್ಕಿಂತ ಕಷ್ಟವೆಂದು ಹೆಸರಾದದ್ದು ಇದೇ, ಕನ್ನಡ ಬಲ್ಲವರಿಗೆ ಎಲ್ಲಕ್ಕಿಂತ ಸುಲಭವಾಗಬೇಕಾದದ್ದೂ ಇದೇ. ಇಂಗ್ಲಿಷಿನಲ್ಲಿ ಪ್ರಶ್ನೆಯ ಪದವೂ ‘ಯಾರು... ಅವರು’ ಎಂದು ವಾಕ್ಯಗಳನ್ನು ಬೆಸೆಯುವ ಪದವೂ ತಮ್ಮ ಮೂಲ ಸ್ಥಾನವನ್ನು ಬಿಟ್ಟು ಉಪವಾಕ್ಯದ ಆರಂಭಕ್ಕೆ ಬಂದು ನಿಲ್ಲುತ್ತವೆ. ರೂಪವನ್ನು ತೀರ್ಮಾನಿಸುವುದು ಸ್ಥಾನ, ಆದರೆ ಪದವೇ ಸ್ಥಾನವನ್ನು ಬಿಟ್ಟು ಬಂದಿದೆ. ಓದುಗ ಅದು ಎಲ್ಲಿಂದ ಬಂದಿತೆಂದು ಹುಡುಕಬೇಕು. ಸಾಮಾನ್ಯವಾಗಿ ಹೇಳಿಕೊಡುವ ಉಪಾಯ, ಪ್ರಶ್ನೆಗೆ ‘ಹೀ’ ಅಥವಾ ‘ಹಿಮ್’ ಹಾಕಿ ಉತ್ತರಿಸುವುದು: ‘ಹಿಮ್’ ಹೊಂದಿದರೆ ‘ಹೂಮ್’, ಎರಡರ ಕೊನೆಗೂ ‘ಮ್’ ಇದೆ. ಉಪಾಯ ಒಳ್ಳೆಯದೇ. ನಮಗಾದರೋ ಇನ್ನೂ ನೇರವಾದ ದಾರಿ ಇದೆ, ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ‘ಯಾರು’ ಬರುತ್ತದೆಯೋ ‘ಯಾರನ್ನು, ಯಾರಿಗೆ, ಯಾರಿಂದ’ ಬರುತ್ತದೆಯೋ ನೋಡುವುದು. ಕನ್ನಡದ ಪ್ರತ್ಯಯ ಪದದ ಬೆನ್ನಿಗೇ ಅಂಟಿರುವುದರಿಂದ ಅದು ವಾಕ್ಯದಲ್ಲಿ ಎಲ್ಲಿಗೆ ಹೋದರೂ ಕಳಚಿಕೊಳ್ಳುವುದಿಲ್ಲ. ‘ನೀನು ಯಾರನ್ನು ನೋಡಿದೆ?’ ಎಂದರೆ ‘ಹೂಮ್ ಡಿಡ್ ಯು ಸೀ?’, ‘ನಿನ್ನನ್ನು ಯಾರು ನೋಡಿದರು?’ ಎಂದರೆ ‘ಹೂ ಸಾ ಯು?’. ಲೇಖನದ ಆರಂಭದಲ್ಲಿ ಕಂಡ ‘ನನಗೆ ಹಸಿವಾಗಿದೆ’, ‘ನನ್ನನ್ನು ಆಯ್ಕೆ ಮಾಡಲಾಯಿತು’ ಎಂಬ ಬಗೆಯ ವಾಕ್ಯಗಳಲ್ಲಿ ಮಾತ್ರ ಈ ಅಳತೆ ಮೋಸ ಮಾಡುತ್ತದೆ: ‘ಯಾರಿಗೆ ಗೊತ್ತು?’ ಎಂಬುದು ‘ಹೂ ನೋಸ್?’ ಆಗುತ್ತದೆ. ಆ ಕೆಲವನ್ನು ನೆನಪಿನಲ್ಲಿಟ್ಟರೆ ಉಳಿದ ಕಡೆ ಭರವಸೆಯಿಂದ ಬಳಸಬಹುದು.

ಈ ಅಳತೆಯ ನಿಜವಾದ ಬೆಲೆ ಗೊತ್ತಾಗುವುದು ಉಪವಾಕ್ಯಗಳಲ್ಲಿ. ‘ಗಿವ್ ಇಟ್ ಟು ಹೂಎವರ್ ಕಮ್ಸ್ ಫಸ್ಟ್’ ಎಂಬ ವಾಕ್ಯದಲ್ಲಿ ‘ಟು’ ಎಂಬ ಪ್ರಿಪೊಸಿಷನ್ ಪಕ್ಕದಲ್ಲೇ ಇರುವುದನ್ನು ಕಂಡು ಎಚ್ಚರಿಕೆಯ ಬರಹಗಾರರು ‘ಹೂಮೆವರ್’ ಎಂದು ತಿದ್ದಿ ಕೆಡಿಸುತ್ತಾರೆ. ಕನ್ನಡದಲ್ಲಿ ಈ ವಾಕ್ಯ ‘ಯಾರು ಮೊದಲು ಬರುತ್ತಾರೋ ಅವರಿಗೆ ಕೊಡು’. ಇಂಗ್ಲಿಷಿನವರ ಒಂದು ಪದ ನಮ್ಮಲ್ಲಿ ಎರಡಾಗಿ ಬಿಚ್ಚಿಕೊಂಡಿದೆ: ‘ಯಾರು’ ಉಪವಾಕ್ಯಕ್ಕೆ ಸೇರಿದ್ದು, ಪ್ರಥಮಾ, ‘ಅವರಿಗೆ’ ಮುಖ್ಯವಾಕ್ಯಕ್ಕೆ ಸೇರಿದ್ದು, ಚತುರ್ಥಿ. ಇಂಗ್ಲಿಷಿನಲ್ಲಿ ‘ಅವರಿಗೆ’ ಎಂಬುದಕ್ಕೆ ಬೇರೆ ಪದವಿಲ್ಲ, ‘ಟು’ ಹಿಡಿದಿರುವುದು ಇಡೀ ಉಪವಾಕ್ಯವನ್ನು. ಉಳಿದದ್ದು ‘ಯಾರು’, ಅದು ‘ಹೂಎವರ್’. ಇದಕ್ಕೆ ಬದಲಾಗಿ ‘ನೀನು ಯಾರನ್ನು ಆರಿಸುತ್ತೀಯೋ ಅವರಿಗೆ ಕೊಡು’ ಎಂದಿದ್ದರೆ ‘ಗಿವ್ ಇಟ್ ಟು ಹೂಮೆವರ್ ಯು ಚೂಸ್’ ಸರಿ.

ನಡುವೆ ‘ಐ ಥಿಂಕ್’, ‘ಹಿ ಸೇಸ್’ ಮುಂತಾದವು ನುಸುಳಿದಾಗಲೂ ಇದೇ ಬೆಳಕು ಸಾಕು. ‘ದ ಪ್ಲೇಯರ್ ಹೂ ಐ ಥಿಂಕ್ ವಿಲ್ ವಿನ್’ ಎಂಬಲ್ಲಿ ‘ಐ’ ಪಕ್ಕದಲ್ಲಿರುವುದರಿಂದ ‘ಹೂಮ್’ ಬರೆಯಬೇಕೆನಿಸುತ್ತದೆ. ‘ಯಾರು ಗೆಲ್ಲುತ್ತಾರೆಂದು ನನಗೆ ಅನ್ನಿಸುತ್ತದೆಯೋ ಆ ಆಟಗಾರ’ ಎಂದು ತಿರುಗಿಸಿದಾಗ ‘ಯಾರು’ ಬಂತು, ಗೆಲ್ಲುವ ಕ್ರಿಯೆಗೆ ಅದು ಕರ್ತೃ, ಆದ್ದರಿಂದ ‘ಹೂ’. ‘ಯಾರನ್ನು ನಾನು ಶ್ರೇಷ್ಠನೆಂದು ಭಾವಿಸುತ್ತೇನೋ ಆ ಆಟಗಾರ’ ಎಂಬುದು ‘ದ ಪ್ಲೇಯರ್ ಹೂಮ್ ಐ ಕನ್ಸಿಡರ್ ದ ಬೆಸ್ಟ್’. ಟೆಲಿಫೋನಿನಲ್ಲಿ ಕೇಳಿಬರುವ ‘ಹೂಮ್ ಶಲ್ ಐ ಸೇ ಈಸ್ ಕಾಲಿಂಗ್?’ ಎಂಬುದು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ: ‘ಯಾರು ಕರೆ ಮಾಡಿದ್ದಾರೆಂದು ಹೇಳಲಿ?’

ಹೂಮ್ ಎಂಬ ರೂಪದ ಆಯುಷ್ಯದ ಬಗ್ಗೆ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ 1921ರಲ್ಲಿಯೇ ಭವಿಷ್ಯ ನುಡಿದಿದ್ದರು: ಇನ್ನೆರಡು ಶತಮಾನಗಳಲ್ಲಿ ಪ್ರಶ್ನೆಯ ಆರಂಭದಲ್ಲಿ ‘ಹೂಮ್’ ಹೇಳುವವರು ವಿದ್ವಾಂಸರಲ್ಲಿಯೂ ಇರುವುದಿಲ್ಲ ಎಂದು. ವಾಕ್ಯದ ಮೊದಲ ಜಾಗ ಇಂಗ್ಲಿಷಿನಲ್ಲಿ ಕರ್ತೃವಿನ ಜಾಗ, ಅಲ್ಲಿ ಕರ್ಮರೂಪ ನಿಂತರೆ ಕಿವಿಗೆ ಒಗ್ಗುವುದಿಲ್ಲ ಎಂಬುದು ಅವರು ಕಂಡ ಕಾರಣಗಳಲ್ಲಿ ಒಂದು. ಅವರು ಕೊಟ್ಟ ಗಡುವಿನ ಅರ್ಧದಷ್ಟು ಕಳೆದಿದೆ, ಆಡುಮಾತಿನಲ್ಲಿ ‘ಹೂ ಡಿಡ್ ಯು ಸೀ?’ ಎಂಬುದೇ ಎಲ್ಲೆಡೆ ಕೇಳುತ್ತದೆ. ಹೂಮ್ ಗಟ್ಟಿಯಾಗಿ ನಿಂತಿರುವುದು ಪ್ರಿಪೊಸಿಷನ್‌ನ ಬೆನ್ನಿಗೆ ನೇರವಾಗಿ ಬಂದಾಗ ಮಾತ್ರ: ‘ಟು ಹೂಮ್’, ‘ಫಾರ್ ಹೂಮ್’, ‘ಮೋಸ್ಟ್ ಆಫ್ ಹೂಮ್’. ಅಲ್ಲಿ ‘ಹೂ’ ಬರೆದರೆ ಇಂದಿಗೂ ತಪ್ಪು. ಪ್ರಿಪೊಸಿಷನ್ ವಾಕ್ಯದ ಕೊನೆಗೆ ಹೋದಾಗ, ಅಂದರೆ ‘ಹೂ ಆರ್ ಯು ಟಾಕಿಂಗ್ ಟು?’ ಎಂಬಂತಹ ಮಾತಿನಲ್ಲಿ, ‘ಹೂ’ ಯಾರನ್ನೂ ಕಾಡುವುದಿಲ್ಲ. ಪರೀಕ್ಷೆ ಮಾಡಿಯೂ ಅನುಮಾನ ಉಳಿದರೆ ‘ಹೂ’ ಬರೆಯುವುದು ಕ್ಷೇಮ. ‘ಹೂಮ್’ ಇರಬೇಕಾದಲ್ಲಿ ಬಂದ ‘ಹೂ’ವನ್ನು ಹೆಚ್ಚಿನ ಓದುಗರು ಗಮನಿಸದೆ ದಾಟುತ್ತಾರೆ, ‘ಹೂ’ ಇರಬೇಕಾದಲ್ಲಿ ಬಂದ ‘ಹೂಮ್’ ಮಾತ್ರ ಹೊಲಿಗೆ ಬಿಟ್ಟ ಕೋಟಿನಂತೆ ದೂರದಿಂದಲೇ ಕಾಣುತ್ತದೆ.